ಎರಡು ಗಂಟೆಯ ಇಂಜೆಕ್ಷನ್

ಮೂಳೆ ವಾರ್ಡಿನ ಬೇರೆ ನರ್ಸುಗಳೆಲ್ಲ ನಾಡಿಯನ್ನು ಕಾಲು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿ ಬರೆದು ಮುಂದೆ ಹೋಗುತ್ತಿದ್ದರು. ಇವಳೊಬ್ಬಳು ಮಾತ್ರ ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದಳು. ನಾಡಿಗೊಂದು ನಿಮಿಷ, ಉಸಿರಿಗೊಂದು ನಿಮಿಷ. ಇಪ್ಪತ್ತೆರಡು ಹಾಸಿಗೆಗೆ ಲೆಕ್ಕ ಹಾಕಿದರೆ ಮುಕ್ಕಾಲು ಗಂಟೆ ಹತ್ತಿರ ಹತ್ತಿರ ಇದಕ್ಕೇ ಹೋಗುತ್ತಿತ್ತು. "ಇಪ್ಪತ್ತು ವರ್ಷದಿಂದ ಎಣಿಸ್ತಾನೇ ಇದಾರೆ, ಇನ್ನೂ ಲೆಕ್ಕ ಮುಗಿದಿಲ್ಲ" ಎಂದು ಯಾರೋ ತಮಾಷೆ ಮಾಡಿದ್ದೇ ನೆಪವಾಗಿ ಅವಳಿಗೆ ಎಣಿಕೆ ಸಿಸ್ಟರ್ ಎಂಬ ಹೆಸರು ಅಂಟಿಕೊಂಡಿತ್ತು. ಬಿದ್ದು ಬಂದ ರೋಗಿಗಳೂ ಎರಡನೇ ದಿನಕ್ಕೆಲ್ಲ ಹಾಗೇ ಕರೆಯುತ್ತಿದ್ದರು. ಅವಳು ಬೇಜಾರು ಮಾಡಿಕೊಂಡವಳಲ್ಲ, ಎಣಿಸುವುದನ್ನು ಬಿಟ್ಟವಳೂ ಅಲ್ಲ.

ಅವಳ ಇನ್ನೊಂದು ಗೀಳು ಚೀಲದ ತಪಾಸಣೆ. ಹೊಸ ರೋಗಿ ಬಂದ ದಿನ, ಜೊತೆಗೆ ಬಂದವರ ಚೀಲವನ್ನು ನೋಡಿ ಮನೆಯಿಂದ ತಂದ ಮಾತ್ರೆಗಳನ್ನು ತೆಗೆದುಕೊಂಡು, ಕವರಿಗೆ ಹಾಕಿ, ಹೆಸರು ಬರೆದು ಬೀರುವಿನಲ್ಲಿ ಇಡಬೇಕು. ಮನೆಗೆ ಹೋಗುವ ದಿನ ವಾಪಸ್ ಕೊಡಬೇಕು. ಇದು ಆಸ್ಪತ್ರೆಯ ನಿಯಮ. ಬೇರೆಯವರು "ಮಾತ್ರೆ ಏನಾದ್ರೂ ತಂದಿದೀರಾ?" ಎಂದು ಕೇಳುತ್ತಿದ್ದರು. ಹಾಗೆ ಕೇಳಿದರೆ ಜಗತ್ತಿನಲ್ಲಿ ಎಲ್ಲರೂ ಇಲ್ಲ ಎಂದೇ ಹೇಳುತ್ತಾರೆ. ಇವಳು "ಮಾತ್ರೆ ಎಲ್ಲಿಟ್ಟಿದೀರಿ?" ಎಂದು ಕೇಳುತ್ತಿದ್ದಳು. ತಂದಿರುವುದು ಆಗಲೇ ಗೊತ್ತಾಗಿದೆ, ಜಾಗವೊಂದು ತಿಳಿದರೆ ಸಾಕು ಎಂಬ ಧಾಟಿ. ಆಗ ಕೈಗಳು ತಮ್ಮಷ್ಟಕ್ಕೆ ತಾವೇ ಚೀಲದೊಳಗೆ ಹೋಗುತ್ತಿದ್ದವು. ಎಂಟನೇ ಹಾಸಿಗೆಯ ದರ್ಜಿ, ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಬಂದವನು, ಕನ್ನಡಕದ ಡಬ್ಬಿಯೊಳಗೆ ಮೂರು ಬಣ್ಣದ ಮಾತ್ರೆ ಬಚ್ಚಿಟ್ಟಿದ್ದ. ಅದರಲ್ಲಿ ಒಂದು ಅವನ ಪಕ್ಕದ ಮನೆಯವನದು. ಏತಕ್ಕೆ ಎಂದು ಕೇಳಿದರೆ, "ಅವನಿಗೆ ಚೆನ್ನಾಗಿ ಗುಣ ಕೊಟ್ಟಿದೆ ಸಿಸ್ಟರ್" ಎಂದ.

ಇಂಥವಳು ಒಂದೇ ಒಂದು ಚೀಲವನ್ನು ನೋಡದೆ ಬಿಟ್ಟಳು. ಅದು ಅವಳ ಅಕ್ಕನ ಚೀಲ.

ಅಕ್ಕ ಎಂದರೆ ಅಕ್ಕ ಮಾತ್ರ ಅಲ್ಲ. ತಾಯಿ ತೀರಿಕೊಂಡಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅವತ್ತಿನಿಂದ ಅಡುಗೆ ಮಾಡಿದವಳು, ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ನರ್ಸಿಂಗ್ ಸ್ಕೂಲಿಗೆ ಕರೆದುಕೊಂಡು ಹೋಗಿ ಸೇರಿಸಿದವಳು ಎಲ್ಲ ಅಕ್ಕನೇ. ನಲವತ್ತಾರು ವರ್ಷ ವಯಸ್ಸಾಗಿ, ಕೈಕೆಳಗೆ ಹತ್ತು ನರ್ಸುಗಳಿದ್ದರೂ ಅಕ್ಕನ ಎದುರು ಅವಳು ಇವತ್ತಿಗೂ ಪುಟ್ಟಿ. ಅಕ್ಕ "ಪುಟ್ಟಿ" ಎಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮೂರು ದಿನದ ಹಿಂದೆ ಭಾವ ನೀರಿನ ತೊಟ್ಟಿ ತೊಳೆಯಲು ಏಣಿ ಹತ್ತಿ, ಹತ್ತಿದ ಕಡೆಯಿಂದ ಇಳಿಯದೆ ಇನ್ನೊಂದು ಕಡೆಯಿಂದ ಬಿದ್ದರು. ತೊಡೆಯ ಮೂಳೆ ಮುರಿಯಿತು. ಒಂಬತ್ತನೇ ಹಾಸಿಗೆ. ಪ್ರೆಸ್ಸಿನಲ್ಲಿ ಮೂವತ್ತೈದು ವರ್ಷ ಮೆಷಿನ್ ಪಕ್ಕ ನಿಂತು ಕೂಗಿ ಕೂಗಿ ಮಾತಾಡಿದ ಮನುಷ್ಯ. ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಮುರಿದ ಕಾಲಿನಲ್ಲೂ "ಪುಟ್ಟಿ! ನಿಮ್ಮ ಆಸ್ಪತ್ರೆ ಚೆನ್ನಾಗಿದೆ ಕಣಮ್ಮ!" ಎಂದು ಕೂಗಿದ್ದು ಆಚೆ ಹೆಂಗಸರ ವಾರ್ಡಿಗೂ ಕೇಳಿತ್ತು.

ಸ್ವಂತದವರನ್ನು ಬೇರೆ ನರ್ಸು ನೋಡಿಕೊಳ್ಳಲಿ ಎಂದು ಮೇಲಿನವರು ಹೇಳಿದ್ದರು. ಅಕ್ಕ ಕೇಳಬೇಕಲ್ಲ. "ನನ್ನ ತಂಗಿ ಇರೋವಾಗ ಇನ್ನೊಬ್ರು ಯಾಕೆ ಮುಟ್ಬೇಕು?" ಎಂದಳು. ಸರಿ, ಕಾಗದಗಳನ್ನೆಲ್ಲ ಇವಳೇ ತುಂಬಿದಳು. ಭಾವನಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಯಾವ ಮಾತ್ರೆಯೂ ಇಲ್ಲ. ಇದು ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಕೊನೆಗೆ ಚೀಲದ ಸಾಲು ಬಂತು. ಎದುರಿಗೆ ಅಕ್ಕ, ಮಡಿಲಲ್ಲಿ ಕಂದು ಬಣ್ಣದ ಚೀಲ. ಅಕ್ಕನ ಚೀಲಕ್ಕೆ ಕೈ ಹಾಕುವುದೇ? ಅಕ್ಕನನ್ನು ಹಿಡಿದು "ಮಾತ್ರೆ ಎಲ್ಲಿಟ್ಟಿದೀಯ?" ಎಂದು ಕೇಳುವುದೇ? ಅವಳಿಗೆ ನಾಚಿಕೆಯಾಯಿತು. 'ಚೀಲ ನೋಡಲಾಗಿದೆ' ಎಂಬ ಚೌಕದಲ್ಲಿ ಟಿಕ್ ಹಾಕಿ ಸಹಿ ಮಾಡಿದಳು. ಇಪ್ಪತ್ತು ವರ್ಷದಲ್ಲಿ ನೋಡದೆ ಹಾಕಿದ ಟಿಕ್ ಇದೊಂದೇ. ಹಾಕಿದ್ದು ಅರೆಕ್ಷಣ, ಮರೆತದ್ದು ಇನ್ನೂ ಬೇಗ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಮಧ್ಯಾಹ್ನ ಎರಡು ಗಂಟೆ ಪಾಳಿಗೆ ಅವಳು ಬಂದಾಗ ವಾರ್ಡಿನಲ್ಲಿ ಊಟದ ತಟ್ಟೆಗಳನ್ನು ಎತ್ತಿ ಆಗಿತ್ತು, ನೆಲ ಒರೆಸಿದ ವಾಸನೆ ಇನ್ನೂ ಹೋಗಿರಲಿಲ್ಲ. ಬೆಳಗಿನ ಪಾಳಿಯವರು ಹೇಳಿ ಹೋದದ್ದಿಷ್ಟು: ಒಂಬತ್ತನೇ ಹಾಸಿಗೆಗೆ ನೋವಿದ್ದರೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಎಂದು ಡಾಕ್ಟರ್ ಬರೆದಿದ್ದಾರೆ, ಹತ್ತು ಗಂಟೆಗೆ ಒಂದು ಕೊಟ್ಟಾಗಿದೆ, ಈಗ ಎರಡಕ್ಕೆ ಮುಂದಿನದು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಬಂದ್ಯಾ? ಬೇಗ ಬಾ. ಅವರು ನರಳ್ತಾ ಇದಾರೆ. ಗಂಟೆ ಎರಡಾಯ್ತು."

"ಬಂದೆ ಅಕ್ಕ."

ಮಾರ್ಫಿನ್ ಬೀಗ ಹಾಕಿದ ಬೀರುವಿನಲ್ಲಿರುತ್ತದೆ. ತೆಗೆಯಲು ಇಬ್ಬರ ಸಹಿ ಬೇಕು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹೊಸ ನರ್ಸು ಆಗಲೇ ಪುಸ್ತಕ ತೆರೆದು, ತನ್ನ ಸಹಿ ಹಾಕಿ, ಪೆನ್ನು ಇವಳ ಕಡೆ ಚಾಚಿದ್ದಳು. "ತುಂಬಿಸ್ಲಾ ಸಿಸ್ಟರ್?"

"ಮೊದಲು ನೋಡ್ಕೊಂಡು ಬರ್ತೀನಿ. ಶೀಶೆ ಒಡೀಬೇಡ."

ಒಡೆದು ಸಿರಿಂಜಿಗೆ ತುಂಬಿಸಿದ ಮದ್ದು ಕೈಯಲ್ಲಿದ್ದರೆ ಅದನ್ನು ಕೊಡಬೇಕೆಂದೇ ಕೈ ಹೋಗುತ್ತದೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದ್ದರಿಂದ ಖಾಲಿ ಕೈಯಲ್ಲಿ ಹೋಗಿ ರೋಗಿಯನ್ನು ನೋಡಿ ಬಂದ ಮೇಲೆಯೇ ಒಡೆಯುವುದು ಅವಳ ಪದ್ಧತಿ. ಇದಕ್ಕೂ ವಾರ್ಡಿನಲ್ಲಿ ನಗುತ್ತಿದ್ದರು, ಎರಡೆರಡು ಸಲ ನಡೆಯುವ ಕಾಲು ಅವರದ್ದೇ ತಾನೆ ಎಂದು.

ಭಾವ ಬೆನ್ನ ಮೇಲೆ ಮಲಗಿದ್ದರು. ಬಾಯಿ ತುಸು ತೆರೆದಿತ್ತು. ಆಗೊಮ್ಮೆ ಈಗೊಮ್ಮೆ "ಹಾಂ... ಅಮ್ಮಾ..." ಎಂಬ ನರಳಿಕೆ.

"ಭಾವ, ನೋವಿದ್ಯಾ?"

ಕಣ್ಣು ಅರ್ಧ ತೆರೆದು "ನೋವು... ಪುಟ್ಟಿ..." ಎಂದರು. ಎಂದವರು ಮಾತಿನ ನಡುವೆಯೇ ಮತ್ತೆ ನಿದ್ದೆಗೆ ಜಾರಿದರು. ದನಿ ಪಕ್ಕದ ಹಾಸಿಗೆಗೂ ಕೇಳುವಂತಿರಲಿಲ್ಲ. ಈ ದನಿ ಅವಳಿಗೆ ಹಿಡಿಸಲಿಲ್ಲ. ಇಷ್ಟು ವರ್ಷದಲ್ಲಿ ಭಾವ ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ.

ಮುಂಗೈ ಹಿಡಿದಳು. ಉಸಿರು ಎಣಿಸುವುದು ರೋಗಿಗೆ ತಿಳಿಯಬಾರದು, ತಿಳಿದರೆ ಉಸಿರಾಟ ಬದಲಾಗುತ್ತದೆ; ನಾಡಿ ಹಿಡಿದವಳಂತೆ ಕೈ ಹಿಡಿದು ಕಣ್ಣನ್ನು ಎದೆಯ ಮೇಲಿಡಬೇಕು. ಗಡಿಯಾರದ ಮುಳ್ಳು ಒಂದು ಸುತ್ತು ಬಂತು. ಒಂಬತ್ತು. ಹದಿನಾಲ್ಕೋ ಹದಿನಾರೋ ಇರಬೇಕಾದ ಜಾಗದಲ್ಲಿ ಒಂಬತ್ತು. ತಾನೇ ತಪ್ಪಿದೆನೇನೋ ಎಂದು ಮತ್ತೊಂದು ನಿಮಿಷ ಎಣಿಸಿದಳು. ಆಗಲೂ ಒಂಬತ್ತೇ. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿತ್ತು. ಬೆರಳಿಗೆ ಕ್ಲಿಪ್ ಹಾಕಿ ನೋಡಿದಳು, ಆಮ್ಲಜನಕ ತೊಂಬತ್ತಕ್ಕೆ ಇಳಿದಿತ್ತು.

ಹತ್ತು ಗಂಟೆಗೆ ಕೊಟ್ಟ ಮಾರ್ಫಿನ್ ಇಷ್ಟು ಹೊತ್ತಿಗೆ ಇಳಿಯುವ ದಾರಿಯಲ್ಲಿರಬೇಕಿತ್ತು. ಇಲ್ಲಿ ಏರುತ್ತಿರುವ ಹಾಗಿದೆ. ಲೆಕ್ಕ ತಾಳೆಯಾಗುತ್ತಿಲ್ಲ. ಅವಳಿಗೆ ಒಳಗೊಳಗೇ ಭಯವಾಯಿತು.

ಹಾಸಿಗೆಯ ತಲೆಭಾಗ ಎತ್ತರಿಸಿ, ಆಮ್ಲಜನಕದ ಮಾಸ್ಕ್ ಹಾಕಿ, "ಭಾವ, ಉಸಿರು ತಗೊಳ್ಳಿ, ದೊಡ್ಡದಾಗಿ" ಎಂದು ಭುಜ ತಟ್ಟಿದಳು. ತಟ್ಟಿದಾಗ ಒಂದು ಉಸಿರು ತೆಗೆದುಕೊಂಡರು.

"ಇಂಜೆಕ್ಷನ್ ಎಲ್ಲಿ?" ಅಕ್ಕ ಕೇಳಿದಳು.

"ಈಗ ಕೊಡೋ ಹಾಗಿಲ್ಲ ಅಕ್ಕ. ಉಸಿರು ಕಮ್ಮಿ ಇದೆ. ಇದರ ಮೇಲೆ ಕೊಟ್ರೆ ಇನ್ನೂ ಕಮ್ಮಿ ಆಗುತ್ತೆ."

"ಡಾಕ್ಟ್ರು ಬರೆದಿದಾರೆ. ನಾಲ್ಕು ಗಂಟೆಗೊಂದ್ಸಲ ಅಂತ ನನ್ನೆದುರಿಗೇ ಹೇಳಿದಾರೆ."

"ನೋವಿದ್ರೆ ಕೊಡಿ ಅಂತ ಬರೆದಿದಾರೆ."

"ನೋವಿಲ್ವಾ ಮತ್ತೆ? ಕಿವಿ ಕೇಳ್ಸುತ್ತಾ ನಿಂಗೆ? ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಅವರು!" ಅಕ್ಕನ ಮುಖ ಕೆಂಪಾಗಿತ್ತು. "ನಿಂಗೆ ಜ್ವರ ಬಂದಾಗ ನಾನು ಬೆಳಗಿನ ತನಕ ಬಟ್ಟೆ ಒದ್ದೆ ಮಾಡಿ ಹಾಕ್ತಾ ಕೂತಿದ್ದೆ. ಆವಾಗ ನಾನು ಗಡಿಯಾರ ಇಟ್ಕೊಂಡು ಎಣಿಸ್ತಾ ಕೂತಿದ್ನಾ? ಓದು ಜಾಸ್ತಿ ಆಗಿ ನಿನ್ನ ಕರುಳು ಕಲ್ಲಾಗಿದೆ ಪುಟ್ಟಿ."

ಇಡೀ ವಾರ್ಡು ಕಿವಿ ನಿಮಿರಿಸಿತು. ಎಂಟನೇ ಹಾಸಿಗೆಯ ದರ್ಜಿ ಮಾತ್ರ ಗೋಡೆಯ ಕಡೆ ತಿರುಗಿ ತನಗೇನೂ ಕೇಳಿಸಲಿಲ್ಲ ಎಂಬಂತೆ ಮಲಗಿದ.

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಂಜೆಕ್ಷನ್ ಕೊಟ್ಟುಬಿಟ್ಟರೆ ಅಕ್ಕನಿಗೆ ಸಮಾಧಾನವಾಗುತ್ತದೆ, ಡಾಕ್ಟರ್ ಬರೆದದ್ದೇ ಇದೆ, ನಾಳೆ ಯಾರೂ ಇವಳನ್ನು ಕೇಳುವಂತಿಲ್ಲ. ಆದರೆ ಕೊಟ್ಟ ಮೇಲೆ ಭಾವ ಉಸಿರು ನಿಲ್ಲಿಸಿದರೆ, ಬರೆದಿತ್ತು ಎಂಬ ಕಾಗದವನ್ನು ಅಕ್ಕನ ಕೈಗೆ ಕೊಡುವುದೇ? ಅವಳು ಭಾವನ ಭುಜ ತಟ್ಟುವುದನ್ನು ಹೊಸ ನರ್ಸಿಗೆ ಒಪ್ಪಿಸಿ, "ಕೈ ತೆಗೀಬೇಡ, ಮಾತಾಡಿಸ್ತಾ ಇರು" ಎಂದು ಹೇಳಿ ಫೋನಿನ ಹತ್ತಿರ ಹೋದಳು.

ಡ್ಯೂಟಿ ಡಾಕ್ಟರ್ ಆಪರೇಷನ್ ಥಿಯೇಟರಿನಲ್ಲಿದ್ದರು. ಆ ಕಡೆಯಿಂದ ಅವಸರದ ದನಿ ಬಂತು. "ಆರ್ಡರ್ ಬರೆದಿದೆಯಲ್ಲ ಸಿಸ್ಟರ್, ಕೊಡಿ."

"ಉಸಿರು ಒಂಬತ್ತಿದೆ ಡಾಕ್ಟ್ರೇ. ಎರಡು ಸಲ ಎಣಿಸ್ದೆ."

"ನಿದ್ದೇಲಿರ್ಬೇಕು."

"ನಿದ್ದೇಲೇ ಇದಾರೆ. ಮಾತಾಡ್ತಾ ಮಾತಾಡ್ತಾ ನಿದ್ದೆ ಹೋಗ್ತಿದಾರೆ. ಇಷ್ಟು ನಿದ್ದೆ ಇರೋರಿಗೆ ಇನ್ನೊಂದು ಮಾರ್ಫಿನ್ ನಾನು ಕೊಡಲ್ಲ. ನೀವು ಬಂದು ನೋಡ್ಬೇಕು."

"ಇಲ್ಲಿ ಕೈ ಬಿಡೋಕಾಗ್ತಿಲ್ಲ..."

"ನೀವು ಬರೋಕಾಗದಿದ್ರೆ ಯಾರನ್ನಾದ್ರೂ ಕಳ್ಸಿ. ಆಮ್ಲಜನಕ ತೊಂಬತ್ತಿದೆ. ಕಾಯೋ ಹಾಗಿಲ್ಲ."

ಎಣಿಕೆ ಸಿಸ್ಟರ್ ಕಾಯೋ ಹಾಗಿಲ್ಲ ಎಂದದ್ದನ್ನು ಡಾಕ್ಟರ್ ಮೊದಲು ಕೇಳಿರಲಿಲ್ಲ ಎಂದು ಕಾಣುತ್ತದೆ. "ಬಂದೆ" ಎಂದರು.

ಬರುವ ಹೊತ್ತಿಗೆ ಉಸಿರು ಎಂಟಕ್ಕೆ ಇಳಿದಿತ್ತು. ಡಾಕ್ಟರ್ ಹಸಿರು ಗೌನಿನಲ್ಲೇ ಬಂದು, ಕಣ್ಣು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಫೋನಿನಲ್ಲಿದ್ದ ಅವಸರವನ್ನೆಲ್ಲ ಬಿಟ್ಟರು. "ಹತ್ತು ಗಂಟೆಯ ಡೋಸಿಗೆ ಹೀಗಾಗ್ಬಾರ್ದು. ನಿದ್ದೆ ಬರ್ಸೋದು ಬೇರೆ ಏನಾದ್ರೂ ಹೋಗಿದ್ಯಾ?"

ಹೊಸ ನರ್ಸು ಕಾಗದ ನೋಡಿ ಓದಿದಳು. "ಮನೆ ಔಷಧ ಏನೂ ಇಲ್ಲ. ಚೀಲ ನೋಡಲಾಗಿದೆ. ಸಿಸ್ಟರ್ ಅವರದ್ದೇ ಸಹಿ ಇದೆ."

'ಇಲ್ಲ' ಎಂಬ ಮಾತು ಎಣಿಕೆ ಸಿಸ್ಟರಿನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಭಾವ, ನನಗೆ ಗೊತ್ತಿಲ್ಲವೇ ಎಂಬ ಧೈರ್ಯದಲ್ಲಿ ಹೇಳಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಆ ಟಿಕ್ ಕಣ್ಣಿಗೆ ಬಿತ್ತು.

"ನೋಡಿಲ್ಲ ಡಾಕ್ಟ್ರೇ" ಎಂದಳು.

"ನೋಡಿದೆ ಅಂತ ಬರೆದಿದೆ."

"ಬರೆದಿದೀನಿ. ಆದ್ರೆ ನೋಡಿಲ್ಲ."

ಹೇಳಿ ಅಕ್ಕನ ಕಡೆ ತಿರುಗಿದಳು. ಅಕ್ಕ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. 'ಏನಾದರೂ ಕೊಟ್ಟೆಯಾ ಅಕ್ಕ' ಎಂದು ಕೇಳಿದರೆ 'ನಾನ್ಯಾಕೆ ಕೊಡಲಿ' ಎಂದು ರೇಗುತ್ತಾಳೆ. ರೇಗಿದವಳು ಆಮೇಲೆ ನಿಜ ಹೇಳುವುದಿಲ್ಲ, ಹಟಕ್ಕೆ ಬೀಳುತ್ತಾಳೆ. ಅಷ್ಟು ವ್ಯವಧಾನ ಭಾವನಿಗೆ ಇರಲಿಲ್ಲ. ಅವಳು ಬೇರೆ ಇಪ್ಪತ್ತೊಂದು ಹಾಸಿಗೆಯವರನ್ನು ಕೇಳುವ ಹಾಗೆಯೇ, ಅದೇ ದನಿಯಲ್ಲಿ ಕೇಳಿದಳು.

"ಮಾತ್ರೆ ಎಷ್ಟು ಗಂಟೆಗೆ ಕೊಟ್ರಿ?"

ಜೀವಮಾನದಲ್ಲಿ ಮೊದಲ ಸಲ ತಂಗಿಯ ಬಾಯಲ್ಲಿ ಬಹುವಚನ ಕೇಳಿ ಅಕ್ಕ ಗಾಬರಿಯಾದಳು. "ಹನ್ನೆರಡೂವರೆಗೆ... ಊಟ ಆದ್ಮೇಲೆ" ಎಂದುಬಿಟ್ಟಳು. ಆಮೇಲೆ ಬಾಯಿ ಮುಚ್ಚಿಕೊಂಡಳು.

"ಎಷ್ಟು?"

"ಒಂದು. ನಿನ್ನೆ ರಾತ್ರಿ ಒಂದು. ನಿದ್ದೆಗೆ ಅಷ್ಟೇ... ನೋವಿಗಲ್ಲವಲ್ಲ, ನಿದ್ದೆಗೆ. ಇಂಜೆಕ್ಷನ್ ಬೇರೆ, ಇದು ಬೇರೆ ಅಲ್ವಾ?"

"ಮಾತ್ರೆ ಕೊಡಿ."

ಅಕ್ಕ ಚೀಲದ ತಳದಿಂದ ಬಾಚಣಿಗೆ, ಟವೆಲು ಎಲ್ಲ ಸರಿಸಿ ಒಂದು ಪಟ್ಟಿ ತೆಗೆದು ಕೊಟ್ಟಳು. ಹತ್ತರಲ್ಲಿ ಎರಡು ಮಾತ್ರೆ ಉಳಿದಿದ್ದವು. ಡಾಕ್ಟರ್ ಹೆಸರು ಓದಿ ತಲೆಯಾಡಿಸಿದರು. ಮಾರ್ಫಿನ್ ಒಂದೇ ಆಗಿದ್ದರೆ ಉಸಿರನ್ನು ಸ್ವಲ್ಪ ತಗ್ಗಿಸಿ ಸುಮ್ಮನಾಗುತ್ತಿತ್ತು. ನಿದ್ರೆ ಮಾತ್ರೆ ಅದಕ್ಕೆ ಹೆಗಲು ಕೊಟ್ಟಿತ್ತು. ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮಾರ್ಫಿನ್ನಿನ ಪ್ರಭಾವ ಇಳಿಸುವ ಮದ್ದನ್ನು ಹೊಸ ನರ್ಸು ಓಡಿ ತಂದಳು. ಡಾಕ್ಟರ್ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. ಎಣಿಕೆ ಸಿಸ್ಟರ್ ಗಡಿಯಾರ ಹಿಡಿದು ನಿಂತಳು. ಒಂಬತ್ತು. ಹನ್ನೊಂದು. ಹದಿಮೂರು. ಈ ಸಲ ಅಕ್ಕ ಗಡಿಯಾರದ ವಿಷಯ ಎತ್ತಲಿಲ್ಲ, ತಾನೂ ಬೆರಳು ಮಡಚಿ ಎಣಿಸುತ್ತಿದ್ದಳು.

ಕಾಲು ಗಂಟೆಯ ಮೇಲೆ ಭಾವ ಕಣ್ಣು ಪೂರ್ತಿ ಬಿಟ್ಟು, ಮಾಸ್ಕಿನೊಳಗಿಂದಲೇ ಕೂಗಿದರು. "ಯಾರದು ನನ್ನ ಭುಜಕ್ಕೆ ಆಗಿಂದ ಬಡೀತಿರೋದು? ಅಯ್ಯಯ್ಯೋ, ಕಾಲು!"

"ಬಂತಪ್ಪ ದನಿ" ಎಂದು ದರ್ಜಿ ಇತ್ತ ಹೊರಳಿದ. "ಸದ್ಯ. ನಾನಂತೂ ಹೆದರಿಬಿಟ್ಟಿದ್ದೆ."

ನೋವಿಗೆ ಉಸಿರನ್ನು ಮುಟ್ಟದ ಬೇರೆ ಮದ್ದನ್ನು ಡ್ರಿಪ್ಪಿನಲ್ಲಿ ಹಾಕಿದ್ದಾಯಿತು. ಮಾರ್ಫಿನ್ ಇಳಿಸಲು ಕೊಟ್ಟ ಮದ್ದಿನ ಪ್ರಭಾವ ಮುಗಿದ ಮೇಲೆ ಮತ್ತೆ ಉಸಿರು ತಗ್ಗಬಹುದು, ಆದ್ದರಿಂದ ಸಂಜೆಯವರೆಗೆ ಕಾಲು ಗಂಟೆಗೊಮ್ಮೆ ನೋಡಬೇಕು ಎಂದು ಡಾಕ್ಟರ್ ಬರೆದರು. ಹೊರಡುವಾಗ ಎಣಿಕೆ ಸಿಸ್ಟರಿನ ಹತ್ತಿರ ನಿಂತು, "ಫೋನಲ್ಲಿ ನಾನು ಕೊಡಿ ಅಂದಿದ್ದನ್ನೂ ವರದೀಲಿ ಬರೀರಿ" ಎಂದರು. ಬರೆಯಬೇಡಿ ಎನ್ನುವವರೇ ಹೆಚ್ಚಾಗಿರುವ ಕಡೆ ಇದು ದೊಡ್ಡ ಮಾತು. ಅವಳಿಗೆ ಆ ಡಾಕ್ಟರ್ ಮೇಲೆ ಅಭಿಮಾನ ಮೂಡಿತು.

ವರದಿ ಬರೆಯಲು ಕೂತಾಗ ಹೊಸ ನರ್ಸು ಪಕ್ಕದಲ್ಲಿ ಬಂದು ನಿಂತಳು. ಸಾಲು ಸಾಲಾಗಿ ಓದುತ್ತಾ ಬಂದವಳು ಒಂದು ಕಡೆ ನಿಂತು, "ಚೀಲದ ವಿಷಯ ಯಾಕೆ ಬರೀತೀರಾ ಸಿಸ್ಟರ್?" ಎಂದು ಪಿಸುಗುಟ್ಟಿದಳು. "ಇಂಜೆಕ್ಷನ್ ತಡೆದವರು ನೀವೇ. ಅವರನ್ನ ಉಳಿಸಿದ್ದು ನೀವೇ. ಇದನ್ನ ಬರೆದ್ರೆ ಮೇಲಿನವರು ಕರೆದು ಕೇಳ್ತಾರೆ."

"ಕೇಳ್ಲಿ."

"ಹೆಸರು ಕೆಡಲ್ವಾ?"

"ತಡೆದಿದ್ದೂ ನಾನೇ, ನೋಡದೆ ಟಿಕ್ ಹಾಕಿದ್ದೂ ನಾನೇ. ಒಂದನ್ನ ಬರೆದು ಒಂದನ್ನ ಬಿಟ್ರೆ ಅದು ವರದಿ ಅಲ್ಲ, ಸನ್ಮಾನ ಪತ್ರ" ಎಂದಳು ಎಣಿಕೆ ಸಿಸ್ಟರ್. ಬಾಯಲ್ಲಿ ಹಾಗೆ ಹೇಳಿದರೂ, ಇಷ್ಟು ವರ್ಷ ಊರೆಲ್ಲರ ಚೀಲ ಜಾಲಾಡಿದವಳಿಗೆ ಈ ಸಾಲು ಬರೆಯುವುದು ಸುಲಭವೇ? ನಾಳೆಯಿಂದ ನಗುವವರಿಗೆ ಹೊಸ ಸರಕು ಸಿಕ್ಕಿತು ಎಂದುಕೊಂಡಳು. ಬರೆದು ಸಹಿ ಹಾಕಿದಳು.

ಒಂದು ಸಾಲು ಮಾತ್ರ ಖಾಲಿ ಉಳಿಯಿತು: ರೋಗಿ ಈ ಮಾತ್ರೆಯನ್ನು ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ?

ಐದು ಗಂಟೆಯ ಹೊತ್ತಿಗೆ ಭಾವನ ಉಸಿರು ಹದಿನೈದಕ್ಕೆ ಬಂದು ನಿಂತಿತು. ಅವರು ಕಾಫಿ ಬೇಕೆಂದು ಕೂಗಾಡುತ್ತಿದ್ದರು. ಅಕ್ಕ ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬರಲು ಅವಳಿಗೆ ಮುಖವಿರಲಿಲ್ಲ. ಎಣಿಕೆ ಸಿಸ್ಟರ್ ಹೋಗಿ ಪಕ್ಕದಲ್ಲಿ ಕೂತಳು.

"ಅಕ್ಕ, ಒಂದು ಕೇಳ್ಬೇಕು. ಬರ್ಕೊಳ್ಳೋದಿದೆ."

"ಕೇಳು. ಪೊಲೀಸಿಗೆ ಹೇಳ್ತೀಯಾ?"

"ಹುಚ್ಚಾ? ಭಾವ ಈ ಮಾತ್ರೆ ಎಷ್ಟು ದಿನದಿಂದ ತಗೊಳ್ತಿದಾರೆ?"

"ಅವರು ತಗೊಳ್ಳಲ್ಲ."

"ಮತ್ತೆ ಮನೇಲಿ ಹೇಗೆ ಬಂತು?"

ಅಕ್ಕ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆಯ ಮೇಲೆ ಕೈ ತೊಳೆಯುವ ಕ್ರಮವನ್ನು ತೋರಿಸುವ ಚಿತ್ರಗಳಿದ್ದವು. ಅವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಮುಗಿಸಿದ ಮೇಲೆ ಹೇಳಿದಳು. "ನಂದು."

"ನಿಂದಾ?"

"ಆರು ವರ್ಷ ಆಯ್ತು. ಒಬ್ರು ಡಾಕ್ಟ್ರು ಹತ್ತು ದಿನಕ್ಕೆ ಅಂತ ಬರೆದಿದ್ರು. ಮೆಡಿಕಲ್ ಶಾಪಿನವನು ಗುರುತಿನವನು, ಅದೇ ಚೀಟಿ ಮೇಲೆ ಕೊಡ್ತಾ ಬಂದ. ಮೊದಲು ಅರ್ಧ ಸಾಕಾಗ್ತಿತ್ತು. ಆಮೇಲೆ ಒಂದು. ಈಗ ಎರಡು."

"ಯಾಕೆ ಅಕ್ಕ? ಏನಾಗಿತ್ತು?"

"ಯಾಕೆ ಅಂತ ಗೊತ್ತಿದ್ರೆ ಮಾತ್ರೆ ಯಾಕೆ ನುಂಗ್ತಿದ್ದೆ? ನಿದ್ದೆ ಬರಲ್ಲ, ಅಷ್ಟೇ. ನಿಮ್ಮ ಭಾವನಿಗೂ ಗೊತ್ತಿಲ್ಲ. ಅವರ ಗೊರಕೇಲಿ ಯಾರು ಎದ್ದಿದಾರೆ ಅಂತ ಅವರಿಗೇನು ತಿಳಿಯುತ್ತೆ?" ಅಕ್ಕ ನಗಲು ನೋಡಿದಳು, ಆಗಲಿಲ್ಲ. "ನಾನು ಎರಡು ನುಂಗಿದ್ರೂ ಏನೂ ಆಗಲ್ಲ. ಅವರಿಗೆ ಒಂದು ಕೊಟ್ರೆ ಏನಾಗುತ್ತೆ ಅಂದ್ಕೊಂಡೆ. ಪುಟ್ಟಿ, ನಾನೇ ಅವರನ್ನ ಕೊಂದುಬಿಡ್ತಿದ್ದೆ."

ಎಣಿಕೆ ಸಿಸ್ಟರ್ ಅಕ್ಕನ ಬೆನ್ನ ಮೇಲೆ ಕೈ ಇಟ್ಟಳು. ಕೊಲ್ಲುತ್ತಿದ್ದೆ ಎಂಬುದು ಸುಳ್ಳಲ್ಲ. ಆದರೆ ಚೀಲ ನೋಡಿದ್ದರೆ ಅಕ್ಕನಿಗೆ ಕೊಡಲು ಮಾತ್ರೆಯೇ ಇರುತ್ತಿರಲಿಲ್ಲ. ಅದನ್ನೇ ಹೇಳಿದಳು. "ನಾನು ಅವತ್ತೇ ಕೇಳ್ಬೇಕಿತ್ತು ಅಕ್ಕ. ತಪ್ಪು ನಂದೂ ಇದೆ." ಹೇಳುವಾಗ ಇನ್ನೊಂದು ವಿಷಯ ಅವಳನ್ನು ಕೊರೆಯಿತು. ಮೂರು ದಿನದ ಹಿಂದಿನ ಮಾತು ಹಾಗಿರಲಿ. ಆರು ವರ್ಷದಿಂದ ತಿಂಗಳಿಗೆರಡು ಸಲ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಬಂದಿದ್ದಾಳೆ. ಅಕ್ಕನ ಕಣ್ಣ ಕೆಳಗಿನ ಕಪ್ಪನ್ನು ನೋಡಿದ್ದಾಳೆ. ವಯಸ್ಸಾಯಿತು ಎಂದುಕೊಂಡು ಎದ್ದು ಬಂದಿದ್ದಾಳೆ. ರೋಗಿಯ ಕಣ್ಣು ಹಾಗಿದ್ದರೆ ಬಿಡುತ್ತಿದ್ದಳೇ?

ಅಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿ, ದನಿ ತಗ್ಗಿಸಿದಳು.

"ಪುಟ್ಟಿ, ಆ ಪಟ್ಟಿ ಎಲ್ಲಿದೆ?"

"ಬೀರುವಿನಲ್ಲಿದೆ. ಯಾಕೆ?"

"ಎರಡಿತ್ತಲ್ಲ ಅದರಲ್ಲಿ." ಅಕ್ಕ ಅಂಗೈ ಚಾಚಿದಳು. "ಒಂದಾದ್ರೂ ಕೊಡೆ. ಇವತ್ತು ಒಂದಿನ."

ಅಕ್ಕ ಯಾರ ಮುಂದೆಯೂ ಕೈ ಚಾಚಿದವಳಲ್ಲ. ಹದಿನೈದನೇ ವಯಸ್ಸಿನಿಂದ ಕೊಟ್ಟೇ ಗೊತ್ತು, ಕೇಳಿ ಗೊತ್ತಿಲ್ಲ. ಬೀರುವಿನ ಬೀಗದ ಕೈ ಎಣಿಕೆ ಸಿಸ್ಟರಿನ ಜೇಬಿನಲ್ಲೇ ಇತ್ತು. ಹೋಗಿ ತಂದುಕೊಟ್ಟರೆ ಯಾರೂ ನೋಡುವುದಿಲ್ಲ. ಕೊಡದಿದ್ದರೆ ಇನ್ನೊಂದು ಅಪಾಯ: ಆರು ವರ್ಷದ ಅಭ್ಯಾಸವನ್ನು ಒಂದೇ ದಿನದಲ್ಲಿ ಕಡಿದರೆ ಕೈ ನಡುಕ ಹತ್ತಬಹುದು, ಫಿಟ್ಸೂ ಬರಬಹುದು, ಅದನ್ನು ಅವಳು ಬೇರೆಯವರಲ್ಲಿ ಕಂಡಿದ್ದಳು. ಕೊಡುವುದೂ ತಪ್ಪು, ಕೊಡದೆ ಮನೆಗೆ ಕಳಿಸುವುದೂ ತಪ್ಪು. ಅವಳು ತೀರ್ಮಾನಿಸುವ ವಿಷಯ ಇದಲ್ಲ, ಆದರೆ ತೀರ್ಮಾನಿಸುವವರ ಬಾಗಿಲವರೆಗೆ ಅಕ್ಕನನ್ನು ನಡೆಸುವುದು ಅವಳದೇ ಕೆಲಸ.

"ನಾನು ಕೊಡೋ ಹಾಗಿಲ್ಲ ಅಕ್ಕ."

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ದಿನದಲ್ಲಿ ಎರಡನೇ ಸಲ ತಂಗಿ ಇಲ್ಲ ಎಂದಿದ್ದಳು. ಈ ಸಲ ಕರುಳು ಕಲ್ಲು ಎಂದು ಬೈಯಲೂ ಅವಳಿಗೆ ಶಕ್ತಿ ಇರಲಿಲ್ಲ.

"ಹಾಗಂತ ಇವತ್ತೇ ನಿಲ್ಸು ಅಂತನೂ ಹೇಳಲ್ಲ. ನಿಲ್ಸೋದಕ್ಕೂ ಒಂದು ಕ್ರಮ ಇದೆ. ಕೆಳಗೆ ಡಾಕ್ಟ್ರು ಆರೂವರೆ ತನಕ ಇರ್ತಾರೆ. ಏಳು, ಹೋಗೋಣ."

"ಈ ವಯಸ್ಸಲ್ಲಿ ನಂಗ್ಯಾವ ಡಾಕ್ಟ್ರೆ? ಅವರು ಒಳಗೆ ಮಲಗಿದಾರೆ. ಅವರನ್ನ ಬಿಟ್ಟು..."

"ಅವರಿಗೆ ಹೊಸ ಸಿಸ್ಟರ್ ಇದಾಳೆ. ಕಾಲು ಗಂಟೆಗೊಂದ್ಸಲ ಪೂರ್ತಿ ಒಂದು ನಿಮಿಷ ಎಣಿಸು ಅಂತ ಹೇಳಿ ಬಂದಿದೀನಿ."

ಅಕ್ಕ ಎದ್ದಳು. ಮೆಟ್ಟಿಲಿಳಿಯುವಾಗ ಅಭ್ಯಾಸಬಲದಿಂದ ತಂಗಿಯ ತೋಳು ಹಿಡಿದು, "ನಿಧಾನ, ನೆಲ ಒದ್ದೆ ಇದೆ" ಎಂದಳು.

ಕೆಳಗೆ ಚೀಟಿ ಬರೆಯುವ ಕಿಟಕಿಯ ಮುಂದೆ ನಾಲ್ಕೈದು ಜನ ಇದ್ದರು. ಇವರ ಸರದಿ ಬಂತು. ಚೀಟಿ ಬರೆಯುವವಳು ತಲೆ ಎತ್ತದೆ ಕೇಳಿದಳು.

"ಪೇಷಂಟ್ ಯಾರು?"

ಅಕ್ಕ ತಂಗಿಯ ಬೆನ್ನ ಮೇಲೆ ಕೈ ಇಟ್ಟು ಮುಂದಕ್ಕೆ ನೂಕಿದಳು. ನಲವತ್ತು ವರ್ಷದಿಂದ ಎಲ್ಲ ಕಿಟಕಿಗಳ ಮುಂದೆಯೂ ಹಾಗೇ ಮಾಡಿದವಳು. ಸ್ಕೂಲಿನಲ್ಲಿ, ಹಾಸ್ಟೆಲಿನಲ್ಲಿ, ಸೂಜಿ ಹಾಕಿಸುವ ಕಡೆ. ತಂಗಿ ಅಲುಗಾಡದೆ ನಿಂತಳು. ಅಕ್ಕನ ಪರವಾಗಿ ಉತ್ತರ ಹೇಳಲೂ ಇಲ್ಲ.

"ಯಾರಮ್ಮ ಪೇಷಂಟ್? ಹಿಂದೆ ಜನ ಇದಾರೆ."

ಅಕ್ಕ ಕೈ ತೆಗೆದಳು. ಕಂದು ಚೀಲವನ್ನು ತಂಗಿಯ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಬಗ್ಗಿ, ತುಂಬ ಮೆಲ್ಲಗೆ, "ನಾನು" ಎಂದಳು.